ಭೋಸರಿಯಲ್ಲಿ ಸೀಳಿದ 57 ಪೈಪುಗಳು: ಒಂದು ಪ್ರಕರಣ ಅಧ್ಯಯನ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗೆಳೆಯನ ಫೋನ್ ಬಂತು. ಪುಣೆಯ ಭೋಸರಿ ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಕೈಗಾರಿಕಾ ಪ್ರದೇಶದಲ್ಲಿ, ಅವನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮರದ ಲೇತ್ ಕೆಲಸ. ಉಳಿ, ಸುತ್ತಿಗೆಗಳ ಹಿಡಿಕೆ, ಲಟ್ಟಣಿಗೆ, ಮಂಚದ ಕಾಲು, ಹೀಗೆ ಬಂದದ್ದನ್ನು ಮಾಡಿಕೊಡುತ್ತಾನೆ. "ಅಣ್ಣಾರ, ಆ ಮುಂಬೈ ಆರ್ಡರಿನ ಪೈಪು ಸೀಳ್ಯಾವ್ರಿ. ಹುಡುಗ ಜಬರ್‌ದಸ್ತಿಲೆ ಒತ್ತಿ ಕೆಡಿಸ್ಯಾನ. ಒಮ್ಮೆ ಬಂದು ನೋಡ್ರಿ" ಅಂದ. ತಂಬಾಕು ಸೇದುವ ಪೈಪಿನ ಮಾತು ಅದು.

ನಾನು ಧಾರವಾಡ ಕಡೆಯವನು. ಪಿಂಪ್ರಿಯ ಕಾರ್ಖಾನೆಗಳ ಟೂಲ್ ರೂಮುಗಳಲ್ಲಿ, ಇನ್ಸ್‌ಪೆಕ್ಷನ್ ಟೇಬಲ್ಲುಗಳಲ್ಲಿ 26 ವರ್ಷ ಕಳೆದಿದ್ದೇನೆ. ಕಬ್ಬಿಣ ಗೊತ್ತು, ಮರ ಅಷ್ಟು ಗೊತ್ತಿರಲಿಲ್ಲ. ಈ ಪ್ರಕರಣದಲ್ಲಿ ಕಲಿತೆ. ಲೇತ್ ಇಟ್ಟುಕೊಂಡ ನಮ್ಮ ಕನ್ನಡದ ಹುಡುಗರು ಪುಣೆಯಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಸಂಜೆ ಹೋದಾಗ ಟೇಬಲ್ ಮೇಲೆ 200 ಪೈಪುಗಳನ್ನು ಸಾಲಾಗಿ ಹರಡಿದ್ದರು. ನೋಡಲು ಚೆಂದ. ಕಂದು ಬಣ್ಣ, ಒಳ್ಳೆ ಹೊಳಪು. ಆದರೆ 57ರಲ್ಲಿ ಕತ್ತಿನ ತುದಿಯಿಂದ ಬಟ್ಟಲಿನ ಕಡೆಗೆ ಕೂದಲಿನಷ್ಟು ಸಣ್ಣ ಸೀಳು. ಪಕ್ಕದಲ್ಲಿ ಇಂಡಿ ತಾಲ್ಲೂಕಿನ ಹುಡುಗ ನಿಂತಿದ್ದ. ವಯಸ್ಸು ಇಪ್ಪತ್ತರ ಆಸುಪಾಸು. ಬಾಯಿಕೊಳವೆ ಕೂರಿಸುವುದು ಅವನ ಕೆಲಸ. ಆ ತಿಂಗಳ ಪಗಾರದಲ್ಲಿ ಹಿಡಿಯುತ್ತೇನೆ ಅಂತ ಗೆಳೆಯ ಅದಾಗಲೇ ಹೇಳಿಬಿಟ್ಟಿದ್ದ. ಹುಡುಗ ಒಂದೇ ಮಾತು ಹೇಳಿದ: "ಸರ್ರ, ನಾ ಕೂರಿಸಿದಾಗ ಒಂದೂ ಸೀಳಿರಲಿಲ್ರಿ."

ಆ ಮಾತು ನಿಜವೋ ಸುಳ್ಳೋ ನೋಡಬೇಕಿತ್ತು. ಪ್ರಕರಣ ಶುರುವಾದದ್ದೇ ಅಲ್ಲಿಂದ.

ಆರ್ಡರ್ ಬಂದದ್ದು ಹಿಂದಿನ ಜುಲೈನಲ್ಲಿ. ಮುಂಬೈನ ಮಸ್ಜಿದ್ ಬಂದರ್ ಕಡೆಯ ಒಬ್ಬ ರಫ್ತು ವ್ಯಾಪಾರಿಯಿಂದ 400 ಪೈಪು, ಎಲ್ಲ ಒಂದೇ ಆಕಾರ. ಆ ಆಕಾರಕ್ಕೆ ಬಿಲಿಯರ್ಡ್ ಅನ್ನುತ್ತಾರೆ. ನೆಟ್ಟಗಿನ ಬಟ್ಟಲು, ನೆಟ್ಟಗಿನ ಕತ್ತು. ಮರ ಶೀಶಮ್, ಅಂದರೆ ನಮ್ಮ ಬೀಟೆ ಮರದ ಹತ್ತಿರದ ನೆಂಟ. ಬಾಯಿಗೆ ಹಿಡಿಯುವ ಕೊಳವೆ ಅಕ್ರಿಲಿಕ್, ಅಂದರೆ ಗಟ್ಟಿ ಪ್ಲಾಸ್ಟಿಕ್.

ಪೈಪಿನ ಭಾಗಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ತಂಬಾಕು ತುಂಬುವ ಗುಂಡಿ ಬಟ್ಟಲು. ಅದರಿಂದ ಮುಂದಕ್ಕೆ ಚಾಚಿದ ಮರದ ಭಾಗ ಕತ್ತು. ಕತ್ತಿನ ತುದಿಯಲ್ಲಿ ಒಂದು ತೂತು ಇರುತ್ತದೆ. ಕೊಳವೆಯ ತುದಿಯಲ್ಲಿ ಒಂದು ದುಂಡು ಗೂಟ ಇರುತ್ತದೆ, ಅದಕ್ಕೆ ಟೆನನ್ ಅನ್ನುತ್ತಾರೆ. ಗೂಟ ತೂತಿನೊಳಗೆ ಒತ್ತಿ ಕೂರಬೇಕು. ತೊಳೆಯಲು ಕೈಯಿಂದ ತಿರುಗಿಸಿದರೆ ಬಿಚ್ಚಿಕೊಂಡು ಬರಬೇಕು. ನಮ್ಮ ಹಳ್ಳಿಯ ಚಿಲುಮೆಗೆ ಈ ಕಷ್ಟ ಇಲ್ಲ, ಅದು ಒಂದೇ ತುಂಡು ಮಣ್ಣು. ಇಲ್ಲಿ ಮರ ಒಂದು, ಪ್ಲಾಸ್ಟಿಕ್ ಇನ್ನೊಂದು. ಎರಡರ ಸ್ವಭಾವ ಬೇರೆ.

ಗೆಳೆಯ ಆರ್ಡರ್ ಹಿಡಿದ ಮೇಲೆ ಯುರೋಪಿನ ಕಾರ್ಖಾನೆಗಳ ವೀಡಿಯೋ ನೋಡಿ ಜಿಗ್, ಅಂದರೆ ಪ್ರತಿ ತುಂಡನ್ನೂ ಒಂದೇ ಸ್ಥಾನದಲ್ಲಿ ಹಿಡಿದು ಕೊರೆಯುವ ಹಿಡಿಕಟ್ಟು, ಮಾಡಿಕೊಂಡಿದ್ದ. ಚೆನ್ನಾಗಿಯೇ ಮಾಡಿದ್ದ, ಅದನ್ನು ಒಪ್ಪಬೇಕು. ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿ ಸೇಂಟ್ ಕ್ಲೋಡ್ ಅಂತ ಒಂದು ಊರಿದೆ. 1850ರ ದಶಕದಿಂದ ಅಲ್ಲಿ ಬ್ರಯರ್ ಮರದ ಪೈಪು ತಯಾರಾಗುತ್ತಿದೆ. ಅದಕ್ಕೂ ಮೊದಲೇ ಆ ಊರಿನವರು ಮರ ತಿರುವುವ ಕೆಲಸಕ್ಕೆ ಹೆಸರಾಗಿದ್ದರು, ನಮ್ಮ ಚನ್ನಪಟ್ಟಣದವರ ಹಾಗೆ. ಕಾರ್ಖಾನೆಯಲ್ಲಿ ಮರದ ತುಂಡು ಮೊದಲು ಒಂದು ಮಶೀನಿಗೆ ಹೋಗುತ್ತದೆ. ಅಲ್ಲಿ ಬಟ್ಟಲಿನ ಒಳಗುಂಡಿಯನ್ನೂ ಹೊರಮೈಯನ್ನೂ ಕಟರುಗಳು ಒಂದೇ ಸಲಕ್ಕೆ ಕೊರೆಯುತ್ತವೆ. ಎರಡನೇ ಮಶೀನು ಕತ್ತನ್ನು ದುಂಡಗೆ ಮಾಡುತ್ತದೆ. ಬಟ್ಟಲೂ ಕತ್ತೂ ಸೇರುವ ತಳದಲ್ಲಿ ಉಳಿದ ಮರವನ್ನು ನಕಲು ಮಶೀನು ತೆಗೆಯುತ್ತದೆ. ಲೋಹದ ಮಾದರಿಯ ಮೇಲೆ ಒಂದು ಬೆರಳು ಓಡುತ್ತದೆ. ಅದು ಓಡಿದ ಹಾಗೆ ಮರದ ಮೇಲೆ ಕಟರ್ ಓಡುತ್ತದೆ. ಆಮೇಲೆ ಹೊಗೆಯ ದಾರಿ. 3.5ರಿಂದ 4 ಮಿಲಿಮೀಟರಿನ ಉದ್ದ ಡ್ರಿಲ್ಲು ಕತ್ತಿನಿಂದ ಹೊರಟು ಸರಿಯಾಗಿ ಬಟ್ಟಲಿನ ತಳದಲ್ಲೇ ಬಾಯಿ ಬಿಡಬೇಕು. ಮೇಲೆ ಬಿಟ್ಟರೆ ತಳದ ತಂಬಾಕು ಹತ್ತುವುದಿಲ್ಲ, ಒದ್ದೆಯಾಗಿ ಉಳಿಯುತ್ತದೆ. ಕೊನೆಗೆ ಟೆನನ್ ಕೂರುವ ತೂತು, ಮರಳು ಕಾಗದ, ಬಣ್ಣ, ಕಾರ್ನೌಬಾ ಅನ್ನುವ ಗಟ್ಟಿ ಮೇಣ ಉಜ್ಜಿ ಹೊಳಪು ಕೊಡುವುದು.

ಭೋಸರಿಯಲ್ಲಿ ನಕಲು ಮಶೀನು ಇರಲಿಲ್ಲ. ಆ ತಳದ ಭಾಗವನ್ನು ಗೋಕಾಕಿನ ಒಬ್ಬ ಹಿರಿಯರು ಕೈಯಿಂದ ತಿದ್ದುತ್ತಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಮರದ ಗೊಂಬೆ, ಬಣ್ಣದ ಹಣ್ಣು ಮಾಡುವ ಮನೆತನ ಅವರದು. ಜುಲೈನಲ್ಲಿ ಲೋಡ್ ಇಳಿದಾಗಲೇ ಅವರು ಹೇಳಿದ್ದರಂತೆ: "ಸಾವಕಾರ್ರ, ಈ ಕಟ್ಟಿಗಿ ಇನ್ನೂ ನೀರು ಕುಡದೈತ್ರಿ. ಒಂದೆರಡು ತಿಂಗಳ ಇಡೋಣು." ಡೆಲಿವರಿ ದಿನಾಂಕ ಹತ್ತಿರ ಇತ್ತು. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ತಂದ ಮರ, ಒಣಗಿದ್ದೇ ಅಂತ ಮಾರಿದವರು ಹೇಳಿದ್ದರು. ಕೆಲಸ ನಡೆಯಿತು. ಆಗಸ್ಟ್ ಕೊನೆಗೆ 400 ಪೈಪೂ ತಯಾರು.

ಆಮೇಲೆ ಸಾಗಾಟ ತಡವಾಯಿತು. 2017ರಿಂದ ಶೀಶಮ್, ಬೀಟೆ ಸೇರಿದಂತೆ ಆ ಇಡೀ ಕುಲದ ಮರಗಳು ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ವ್ಯಾಪಾರದ ಮೇಲೆ ಕಣ್ಣಿಡುವ ಅಂತಾರಾಷ್ಟ್ರೀಯ ಒಪ್ಪಂದ ಅದು. ಅಂಥ ಮರದ ಸಾಮಾನು ಹೊರದೇಶಕ್ಕೆ ಹೋಗಬೇಕಾದರೆ ಮರ ಎಲ್ಲಿಂದ ಬಂತು ಅನ್ನುವ ಕಾಗದ ಬೇಕು. ವ್ಯಾಪಾರಿಯ ಕಾಗದ ಮುಗಿದಿರಲಿಲ್ಲ. 200 ಪೈಪು ಸೆಪ್ಟೆಂಬರಿನಲ್ಲೇ ಅವರ ಮುಂಬೈ ಗೋಡೌನಿಗೆ ಹೋದವು. ಉಳಿದ 200 ಭೋಸರಿಯ ತಗಡಿನ ಶೆಡ್ಡಿನಲ್ಲಿ ರ‍್ಯಾಕಿನ ಮೇಲೆ ಕೂತವು. ಮಾರ್ಚಿನಲ್ಲಿ ಪ್ಯಾಕ್ ಮಾಡಲು ತೆಗೆದಾಗ ಸೀಳು ಕಂಡಿತು.

ಇದು ಆಕಸ್ಮಿಕವಾಗಿ ಆದದ್ದು, ಆದರೆ ತನಿಖೆಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕೆಂದೇ ಮಾಡಿದರೂ ಸಿಗುತ್ತಿರಲಿಲ್ಲ. ಒಂದೇ ಮರ, ಒಂದೇ ಡ್ರಿಲ್ಲು, ಅದೇ ಹುಡುಗನ ಕೈ. ಇಟ್ಟ ಜಾಗ ಮಾತ್ರ ಬೇರೆ. ನಾನು ಮೊದಲು ಮಾಡಿಸಿದ ಕೆಲಸ ಮುಂಬೈಗೆ ಫೋನ್. ಗೋಡೌನಿನ 200ನ್ನೂ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ ಅಂತ ಕೇಳಿಕೊಂಡೆವು. ಎರಡು ದಿನಕ್ಕೆ ಉತ್ತರ ಬಂತು. ಸೀಳಿದ್ದು 3.

ಇಲ್ಲಿ 57, ಅಲ್ಲಿ 3. ಹುಡುಗ ಜೋರಾಗಿ ಒತ್ತಿದ್ದೇ ಕಾರಣ ಆಗಿದ್ದರೆ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಲೆಕ್ಕ ಬರಬೇಕಿತ್ತು, ಅಲ್ವಾ? ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಡ್ರಿಲ್ಲಿನ ಮೇಲೆ ಅನುಮಾನ ತೆಗೆದ. ಅದನ್ನೂ ನೋಡಿದೆವು.

ಅದೃಷ್ಟಕ್ಕೆ ರ‍್ಯಾಕಿನಲ್ಲಿ ಕೊಳವೆ ಹಾಕದ 15 ಬಟ್ಟಲುಗಳು ಇದ್ದವು. ಹೆಚ್ಚುವರಿಯಾಗಿ ಮಾಡಿಟ್ಟಿದ್ದು. ಅವುಗಳಲ್ಲಿ ಒಂದೂ ಸೀಳಿರಲಿಲ್ಲ. ಸಣ್ಣ ತೂತಿನ ಗೇಜು ಹಾಕಿ, ಮೈಕ್ರೋಮೀಟರಿನಲ್ಲಿ ಅಳೆದೆ. ಆಗಸ್ಟಿನಲ್ಲಿ 8.00 ಮಿಲಿಮೀಟರಿಗೆ ರೀಮರ್ ಹಾಕಿದ ತೂತುಗಳು ಅವು. ಡ್ರಿಲ್ಲು ಕೊರೆದ ತೂತನ್ನು ಸರಿಯಾದ ಅಳತೆಗೆ ತರುವ ಹತಾರ ರೀಮರ್. ಅವತ್ತಿನ ರಿಜಿಸ್ಟರಿನಲ್ಲಿ ಬರೆದಿತ್ತು. ಈಗ ದುಂಡಗೆ ಉಳಿದಿರಲಿಲ್ಲ. ಒಂದು ದಿಕ್ಕಿಗೆ 7.94ರ ಆಸುಪಾಸು, ಅದಕ್ಕೆ ಅಡ್ಡ ದಿಕ್ಕಿಗೆ 7.88ರ ಆಸುಪಾಸು. ಹದಿನೈದರಲ್ಲೂ ಹೀಗೇ. ಇನ್ನೂ ಒಂದು ವಿಷಯ. ಕಡಿಮೆ ಅಳತೆ ಬಂದದ್ದು ಪ್ರತಿ ಸಲವೂ ಮರದ ವಾರ್ಷಿಕ ಉಂಗುರಗಳ ಗುಂಟ ಹೋಗುವ ದಿಕ್ಕಿನಲ್ಲೇ. ಡ್ರಿಲ್ಲಿಗೆ ಉಂಗುರ ಯಾವ ಕಡೆ ಇದೆ ಅಂತ ಗೊತ್ತಿರುವುದಿಲ್ಲ. ಮರಕ್ಕೆ ಗೊತ್ತಿರುತ್ತದೆ.

ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಒಂದಿಷ್ಟು ಕುಗ್ಗುತ್ತದೆ. ಉಂಗುರದ ಗುಂಟ ಅದರ ಸುಮಾರು ಎರಡರಷ್ಟು. ಹಾಗಾಗಿ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಳೇ ಮನೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಬಿಗಿದುಕೊಂಡು ಬೇಸಿಗೆಯಲ್ಲಿ ಸಡಿಲವಾಗುವುದೂ ಇದೇ ಕಾರಣಕ್ಕೆ. ಮರದಲ್ಲಿ ತೂತು ಇದ್ದರೆ ಮಾತ್ರ ಲೆಕ್ಕ ತಿರುವುಮುರುವು. ಮರ ಕುಗ್ಗಿದರೆ ತೂತೂ ಕುಗ್ಗುತ್ತದೆ, ಅಂದರೆ ಒಣ ಹವೆಯಲ್ಲಿ ಬಿಗಿ. ನಮ್ಮ ವರ್ಕ್‌ಶಾಪಿನಲ್ಲಿ ಅರ್ಧ ಜನ ಇದನ್ನು ಉಲ್ಟಾ ತಿಳಿದಿದ್ದರು. ಮರ ಒಣಗಿದರೆ ತೂತು ದೊಡ್ಡದಾಗುತ್ತದೆ ಅಂದುಕೊಂಡು ಟೆನನ್ನನ್ನು ಸ್ವಲ್ಪ ಬಿಗಿಯಾಗಿಯೇ ಇಡಲು ಹೇಳಿದ್ದರು.

ನೀರು ಎಷ್ಟಿತ್ತು ಅನ್ನುವುದು ಮುಂದಿನ ಪ್ರಶ್ನೆ. ಜುಲೈ ಲೋಡಿನ ಒಂದು ತುಂಡನ್ನು ಕಾಕಾ ಆಗಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಇಟ್ಟಿದ್ದರು. ಯಾಕೆ ಅಂತ ಕೇಳಿದರೆ "ಮುಂದ ಮಾತು ಬರತೈತಿ ಅಂತ ಗೊತ್ತಿತ್ತು" ಅಂದರು. ಅದರ ಒಳಭಾಗದಿಂದ ಒಂದು ಚೂರು ಕತ್ತರಿಸಿ ಚಿನ್ನದಂಗಡಿಯ ತಕ್ಕಡಿಯಂಥ ಸಣ್ಣ ತೂಕದ ಯಂತ್ರದಲ್ಲಿ ತೂಗಿದೆವು. 42.0 ಗ್ರಾಂ. ನಮ್ಮ ಮನೆಯ ಓವನ್ನಿನಲ್ಲಿ 103 ಡಿಗ್ರಿಯಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಾದೆ. 36.4 ಗ್ರಾಂಗೆ ನಿಂತಿತು. ಹೋದ ನೀರು 5.6 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ಶೇಕಡಾ 15.4. ಸೀಳಿದ ಒಂದು ಪೈಪಿನ ಮರಕ್ಕೂ ಹೀಗೇ ಮಾಡಿದೆ. ಶೇಕಡಾ 7.3.

ಈ ಎರಡು ಅಂಕಿಗಳ ನಡುವೆ ಪುಣೆಯ ಹವೆ ಇದೆ. ಗಾಳಿಯಲ್ಲಿ ತೇವ ಶೇಕಡಾ 80 ಇರುವ ಕಡೆ ಮರ ಸಾಕಷ್ಟು ದಿನ ಇದ್ದರೆ ಅದರೊಳಗಿನ ನೀರು ಸುಮಾರು ಶೇಕಡಾ 16ಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವ 30ಕ್ಕೆ ಇಳಿದರೆ ಮರದ್ದು 6ರ ಹತ್ತಿರಕ್ಕೆ ಇಳಿಯುತ್ತದೆ. ಪುಣೆಯಲ್ಲಿ ಆಗಸ್ಟ್ ಅಂದರೆ ಮೊದಲನೆಯದು. ಮಾರ್ಚ್ ಮಧ್ಯಾಹ್ನ, ಅದೂ ತಗಡಿನ ಕೆಳಗೆ, ಎರಡನೆಯದು. ಮುಂಬೈಗೆ ಸಮುದ್ರ ಇದೆ. ಅಲ್ಲಿ ಹವೆ ಇಷ್ಟು ಒಣಗುವುದಿಲ್ಲ. ಅದಕ್ಕೇ ಅಲ್ಲಿನ ಪೈಪು ಉಳಿದವು.

ಲೆಕ್ಕವೂ ಕೂಡಿತು. ಉಂಗುರದ ಗುಂಟ ಮರ, ಒಂದು ಶೇಕಡಾ ನೀರಿಗೆ ಸುಮಾರು 0.2 ಶೇಕಡಾ ಕುಗ್ಗುತ್ತದೆ ಅಂತ ಇಟ್ಟುಕೊಳ್ಳಿ. ನೀರು 8 ಶೇಕಡಾ ಇಳಿದಿದೆ. ಒಟ್ಟು ಕುಗ್ಗಿದ್ದು 1.6 ಶೇಕಡಾ. 8 ಮಿಲಿಮೀಟರಿನ ತೂತಿಗೆ ಅದು 0.13 ಮಿಲಿಮೀಟರ್. ಹುಡುಗ ಕೂರಿಸಿದ ಟೆನನ್ 7.97. ತೂತು 7.87ಕ್ಕೆ ಬರಲು ಹೊರಟಿತು. ಅಕ್ರಿಲಿಕ್ ಬಗ್ಗಲಿಲ್ಲ. ಕತ್ತು ಸೀಳಿತು. ಅಳೆದಾಗ 7.88 ಸಿಕ್ಕಿತ್ತಲ್ಲ, ಅದನ್ನು ನೋಡಿದ ಮೇಲೆ ಗೆಳೆಯ ಬೇರೆ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹುಡುಗನನ್ನು ಕರೆದು ಪಗಾರ ಪೂರ್ತಿ ಕೊಟ್ಟ. "ತಪ್ಪು ನಂದು ಐತೋ" ಅಂದ. ಎಲ್ಲರ ಮುಂದೆಯೇ ಅಂದ, ಅದು ನನಗೆ ಬಹಳ ಹಿಡಿಸಿತು.

ಯುರೋಪಿನವರು ಈ ಕಷ್ಟವನ್ನು ಹೇಗೆ ದಾಟಿದರು ಅನ್ನುವುದು ಗೆಳೆಯ ನೋಡಿದ ವೀಡಿಯೋಗಳಲ್ಲಿ ಇರಲಿಲ್ಲ. ಅಲ್ಲಿ ಮಶೀನು ಮಾತ್ರ ತೋರಿಸುತ್ತಾರೆ. ನಿಜವಾದ ಕೆಲಸ ಮಶೀನಿಗಿಂತ ತಿಂಗಳುಗಟ್ಟಲೆ ಮೊದಲೇ ಆಗಿರುತ್ತದೆ. ಬ್ರಯರ್ ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತ, ಇಟಲಿಯ ಕಲಾಬ್ರಿಯಾ, ಕೊರ್ಸಿಕಾ, ಗ್ರೀಸ್, ಅಲ್ಜೀರಿಯಾ ಕಡೆ ಬೆಳೆಯುವ ಒಂದು ಪೊದೆಮರ. ಎರಿಕಾ ಅರ್ಬೋರಿಯಾ ಅಂತ ಹೆಸರು. ಪೈಪಿಗೆ ಬರುವುದು ಅದರ ಕಾಂಡವಲ್ಲ. ಬುಡದಲ್ಲಿ, ನೆಲದೊಳಗೆ ಊದಿಕೊಂಡ ಗಂಟು. ದಶಕಗಳಿಂದ ಬೆಳೆದ ಗಂಟೇ ಬೇಕು. ಅಗೆದ ತಕ್ಷಣ ಅದನ್ನು ಒಣಗಲು ಬಿಡುವುದಿಲ್ಲ. ಒದ್ದೆಯಾಗಿಯೇ ಇಡುತ್ತಾರೆ, ಇಲ್ಲದಿದ್ದರೆ ಬಿರಿಯುತ್ತದೆ. ಗರಗಸದಲ್ಲಿ ಪೈಪಿನ ಅಳತೆಯ ತುಂಡು ಮಾಡಿ, ದೊಡ್ಡ ಹಂಡೆಯಲ್ಲಿ ಹನ್ನೆರಡು ಗಂಟೆಗೂ ಜಾಸ್ತಿ ಕುದಿಸುತ್ತಾರೆ. ಮರದ ರಸ, ಒಗರು ಹೊರಗೆ ಬರುತ್ತದೆ. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸುತ್ತಾರೆ. ಗಂಟಿನ ನಾರು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಅದು ನೆಟ್ಟ ನಾರಿನ ಶೀಶಮ್ಮಿನ ಹಾಗೆ ಒಂದು ಗೆರೆಗುಂಟ ಸೀಳಿಕೊಂಡು ಹೋಗುವುದಿಲ್ಲ. ಬೆಂಕಿಯನ್ನೂ ಚೆನ್ನಾಗಿ ತಡೆಯುತ್ತದೆ. ಅಷ್ಟೆಲ್ಲ ಮಾಡಿದ ಮೇಲೂ ಮಶೀನಿನಲ್ಲಿ ತಿರುವಿದಾಗ ಒಳಗಿನ ಗುಳಿ, ಮರಳಿನ ಚುಕ್ಕೆ ಕಾಣುತ್ತವೆ. ಪೂರ್ತಿ ಶುದ್ಧ ತುಂಡು ಅಪರೂಪ. ಸಣ್ಣ ಗುಳಿಗೆ ಪುಟ್ಟಿ ತುಂಬುತ್ತಾರೆ. ದೊಡ್ಡದಿದ್ದರೆ ಮರಳು ಹೊಡೆದು ಮೈಯನ್ನು ಒರಟು ಮಾಡುತ್ತಾರೆ.

ಅಮೆರಿಕದ ಮಿಸ್ಸೂರಿಯಲ್ಲಿ ಜೋಳದ ದಿಂಡಿನಿಂದ ಪೈಪು ಮಾಡುವ ಕಂಪನಿಯೊಂದು 1869ರಿಂದ ಇದೆ. ಅಲ್ಲಿಯೂ ದಿಂಡನ್ನು ವರ್ಷಗಟ್ಟಲೆ ಒಣಗಿಸಿಯೇ ಲೇತಿಗೆ ಹಾಕುತ್ತಾರೆ. ಮೆಕ್ಕೆಜೋಳದ ದಿಂಡಿಗೇ ಅಷ್ಟು ಕಾಯುತ್ತಾರೆ. ನಾವು ಶೀಶಮ್ಮಿಗೆ ಎರಡು ತಿಂಗಳು ಕೊಡಲಿಲ್ಲ.

ಮುಂದೆ ಏನು ಮಾಡುವುದು ಅನ್ನುವಾಗ ಒಂದು ವಾದ ನಡೆಯಿತು. ಮುಂಬೈನಲ್ಲಿ 197 ಸರಿಯಾಗಿವೆಯಲ್ಲ, ಅವುಗಳನ್ನು ಕಳಿಸಿಬಿಡೋಣ ಅಂತ ವ್ಯಾಪಾರಿ ಅಂದರು. ಗೆಳೆಯನಿಗೂ ದುಡ್ಡು ಬೇಕಿತ್ತು. ನಾನು ಒಪ್ಪಲಿಲ್ಲ. ಅವು ಹೋಗುವುದು ಚಳಿ ದೇಶಕ್ಕೆ. ಅಲ್ಲಿ ಮನೆಯೊಳಗೆ ಹೀಟರ್ ಹಾಕುತ್ತಾರೆ, ಒಳಗಿನ ಗಾಳಿ ನಮ್ಮ ಮಾರ್ಚಿನಷ್ಟೇ ಒಣಗಿರುತ್ತದೆ. ಭೋಸರಿಯಲ್ಲಿ ಆದದ್ದು ಅಲ್ಲಿ ಆಗುತ್ತದೆ, ಗಿರಾಕಿಯ ಕೈಯಲ್ಲಿ ಆಗುತ್ತದೆ. ಎರಡು ದಿನ ಮಾತು ನಡೆದು, ಕೊನೆಗೆ ಎಲ್ಲ ಪೆಟ್ಟಿಗೆಗಳೂ ಪುಣೆಗೆ ವಾಪಸ್ ಬಂದವು. ಟೆಂಪೋ ಬಾಡಿಗೆ ಗೆಳೆಯನೇ ಕೊಟ್ಟ.

ಸೀಳಿದ 60ರಲ್ಲಿ 20ನ್ನು ಪ್ರಯೋಗಕ್ಕೆ ಇಟ್ಟುಕೊಂಡೆವು. ಸೀಳಿಗೆ ಅಂಟು ಬಿಟ್ಟು, ಬಿಗಿದು ಕಟ್ಟಿ, ಕತ್ತಿನ ತುದಿಗೆ ತೆಳು ಹಿತ್ತಾಳೆ ಬಳೆ ಒತ್ತಿದೆವು. ಹೊರದೇಶದಲ್ಲಿ ರಿಪೇರಿಯವರು ಬೆಳ್ಳಿ ಬಳೆಯನ್ನೇ ಹಾಕುತ್ತಾರೆ. ನೋಡಲು ಚೆನ್ನಾಗಿ ಬಂದವು, ಆದರೆ ಮಾರಲಿಲ್ಲ. ಉಳಿದ 40 ಒಲೆಗೆ ಹೋದವು.

ಸೀಳದ 340ರ ಕೊಳವೆ ಬಿಚ್ಚಿಸಿದೆವು. ಮಳೆಗಾಲ ಮತ್ತೆ ಬರುವುದರೊಳಗೆ ಒಂದು ಹಳೇ ಸ್ಟೀಲ್ ಕಪಾಟಿಗೆ ಬಲ್ಬು, ಸಣ್ಣ ಫ್ಯಾನು, ತೇವ ತೋರಿಸುವ ಮೀಟರು ಹಾಕಿದೆವು. ಒಳಗಿನ ತೇವ 50ರ ಹತ್ತಿರ ನಿಲ್ಲುವ ಹಾಗೆ ನೋಡಿಕೊಂಡರೆ ಮರ ಶೇಕಡಾ 9ರ ಆಸುಪಾಸಿಗೆ ಬರುತ್ತದೆ. ಅದು ಎರಡು ತುದಿಗಳ ನಡುವಿನ ಜಾಗ. ಅಲ್ಲಿಗೆ ಬಂದ ಮೇಲೆ ಮತ್ತೆ ರೀಮರ್ ಹಾಕಿ ತೂತನ್ನು ದುಂಡು ಮಾಡಿದೆವು. ಟೆನನ್ 7.95ಕ್ಕೆ ಇಳಿಸಿದೆವು. ಸೀಳದ ಕತ್ತುಗಳಿಗೂ ಹಿತ್ತಾಳೆ ಬಳೆ ಬಂತು. ಮುಂಬೈಯಂಥ ಹವೆಯಲ್ಲಿ ಕೊಳವೆ ಸ್ವಲ್ಪ ಸಡಿಲ ಅನ್ನಿಸಬಹುದು. ಚೂರು ಜೇನುಮೇಣ ಸವರಿದರೆ ಕೂರುತ್ತದೆ. ಸೀಳಿದ ಕತ್ತಿಗೆ ಅಂಥ ಸುಲಭದ ಮದ್ದಿಲ್ಲ, ಹಾಗಾಗಿ ತಪ್ಪುವುದಾದರೆ ಸಡಿಲದ ಕಡೆಗೇ ತಪ್ಪಲಿ ಅಂತ ತೀರ್ಮಾನಿಸಿದೆವು.

ಈ ನಡುವೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹುಡುಗನ ಮುಂಗೈಯಲ್ಲಿ ತುರಿಕೆ, ಕೆಂಪು ಗಂಧೆ. ಶೀಶಮ್, ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. ಮರಳು ಕಾಗದದ ಟೇಬಲ್ಲಿಗೆ ಪುಡಿ ಎಳೆಯುವ ಫ್ಯಾನು ಹಾಕಿಸಿದೆವು, ಎಲ್ಲರಿಗೂ ಮಾಸ್ಕು ಬಂತು. ಇದು ಮೊದಲ ದಿನವೇ ಆಗಬೇಕಿತ್ತು.

ಗೆಳೆಯನ ತಾಯಿಯ ಮಾತನ್ನೂ ಬರೆಯಬೇಕು. ಅವರ ತವರು ನಿಪ್ಪಾಣಿ, ಬೀಡಿ ತಂಬಾಕಿನ ಊರು. ಆರ್ಡರ್ ಬಂದಾಗಲೇ ಮಗನಿಗೆ ಕೇಳಿದ್ದರಂತೆ: "ಇದೂ ಸೇದೋ ಸಾಮಾನ ಹೌದಲ್ಲೋ?" ಹೌದು. ಪೈಪಿನ ಹೊಗೆಯೂ ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ತರುತ್ತದೆ. ಮರ ಎಷ್ಟು ಚೆಂದ ಇದ್ದರೂ ಅದು ಬದಲಾಗುವುದಿಲ್ಲ. ನಾನು ತಂಬಾಕು ಮುಟ್ಟಿದವನಲ್ಲ, ಕಾಕಾನೂ ಅಲ್ಲ. ಗೆಳೆಯ ಈಗ ಅದೇ ಜಿಗ್, ಅದೇ ಕಪಾಟು ಇಟ್ಟುಕೊಂಡು ಮರದ ಹಿಡಿಕೆಯ ಅಡುಗೆ ಚಾಕು, ಕೊಡೆಯ ಹಿಡಿ ಮಾಡುವ ಆರ್ಡರ್ ಹುಡುಕುತ್ತಿದ್ದಾನೆ. ಒಂದು ಸಿಕ್ಕಿದೆ ಕೂಡ, 300 ಚಾಕು ಹಿಡಿಕೆ. ಅದೂ ಶೀಶಮ್, ಅದಕ್ಕೂ ತೂತು, ಅದಕ್ಕೂ ಒಳಗೆ ಬಗ್ಗದ ಉಕ್ಕು.

340 ಪೈಪುಗಳು ಕಾಗದ ಮುಗಿದ ಮೇಲೆ ಆಗಸ್ಟಿನಲ್ಲಿ ಹೋದವು. ಚಾಕು ಹಿಡಿಕೆಯ ತುಂಡುಗಳು ಆ ತಿಂಗಳೇ ಕಪಾಟಿಗೆ ಏರಿದವು. ಕತ್ತರಿಸಿದ ದಿನವೇ ಎರಡೂ ತುದಿಗೆ ಮೇಣ ಬಳಿದಿದ್ದಾರೆ, ತುದಿ ಬೇಗ ಒಣಗಿ ಬಿರಿಯಬಾರದು ಅಂತ. ಗುರುತು ಹಾಕಿದ ಐದು ತುಂಡುಗಳನ್ನು ಇಂಡಿಯ ಹುಡುಗ ಪ್ರತಿ ಶನಿವಾರ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಮೊನ್ನೆ ನೋಡಿದೆ. ಮೊದಲ ತುಂಡಿನ ಸಾಲಿನಲ್ಲಿ ಹೀಗಿತ್ತು: 88.6, 86.9, 85.7, 85.1, 84.8, 84.8, 84.8. ಮೂರು ಶನಿವಾರದಿಂದ ತೂಕ ಕದಲಿಲ್ಲ. ಕಾಕಾ ನೋಡಿ ತಲೆಯಾಡಿಸಿದರು. ಸೋಮವಾರ ಡ್ರಿಲ್ಲು ಹಾಕುತ್ತಾರೆ.